ದೊಡ್ಡ ಬೇಟೆಗೆ ಭಾರದ ಗುಂಡು, ನಿಧಾನದ ಮದ್ದು: ತೋಟಾ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ತೋಟಾ ತಾವೇ ಕಟ್ಟಿಕೊಂಡು ಎಲ್ಕ್ (ಅಮೆರಿಕದ ದೊಡ್ಡ ಜಿಂಕೆ) ಬೇಟೆಗೆ ಹೊಸದಾಗಿ ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ. "ಎಷ್ಟು ಗ್ರೇನ್ ಮದ್ದು ಹಾಕ್ತೀರಾ?" (ಗ್ರೇನ್ ಅಂದರೆ ತೂಕದ ಒಂದು ಸಣ್ಣ ಅಳತೆ.) ಸಾರಿಗೆ ಉಪ್ಪೆಷ್ಟು ಅಂತ ಕೇಳಿದ ಹಾಗೆ. ಪಾತ್ರೆ ಎಷ್ಟು ದೊಡ್ಡದು, ಬೇಳೆ ಎಷ್ಟು, ಊಟಕ್ಕೆ ಎಷ್ಟು ಜನ ಅಂತ ಗೊತ್ತಿಲ್ಲದೆ ಉಪ್ಪಿನ ಲೆಕ್ಕ ಹೇಳುವುದು ಹೇಗೆ? ಅದೂ ಅಲ್ಲದೆ ಸಾರಿಗೆ ಉಪ್ಪು ಜಾಸ್ತಿಯಾದರೆ ನೀರು ಬೆರೆಸಬಹುದು. ಇಲ್ಲಿ ನಿಮ್ಮ ಕಣ್ಣಿನಿಂದ ಗೇಣು ದೂರದಲ್ಲಿ ಚದರ ಇಂಚಿಗೆ 60,000 ಪೌಂಡ್, ಅಂದರೆ 60,000 ಪಿಎಸ್‌ಐ ಒತ್ತಡ ಏಳುತ್ತದೆ.

ಹಾಗಾಗಿ ಈ ಬರಹದಲ್ಲಿ ಮದ್ದಿನ ತೂಕ ಒಂದೂ ಇಲ್ಲ. ಅದು ಗುಂಡು ತಯಾರಿಸಿದ ಕಂಪನಿಯ ಕೈಪಿಡಿಯಲ್ಲಿದೆ. ಅಲ್ಲಿಂದಲೇ ತೆಗೆದುಕೊಳ್ಳಬೇಕು. ಆ ಪುಟ ತೆರೆಯುವ ಮೊದಲು ಏನೇನು ತೀರ್ಮಾನ ಆಗಿರಬೇಕು, ತೆರೆದ ಮೇಲೆ ಬೆಂಚಿನ ಮುಂದೆ ಹೇಗೆ ಕೂರಬೇಕು ಅನ್ನುವುದೇ ಇಲ್ಲಿನ ವಿಷಯ.

ಉದಾಹರಣೆಗೆ .30-06 ಸ್ಪ್ರಿಂಗ್‌ಫೀಲ್ಡ್ ರೈಫಲ್ ಇಟ್ಟುಕೊಳ್ಳೋಣ. ಬೇಟೆ ಕೊಲರಾಡೊದ ಎಲ್ಕ್. ನನ್ನ ಬೀರುವಿನಲ್ಲಿ ಇರುವುದೂ ಅದೇ ರೈಫಲ್, ನಾನು ಓಡಾಡುವುದೂ ಅದೇ ಕಾಡು. ಪದಗಳಿಗೆ ನಮ್ಮ ಮಲೆನಾಡಿನ ಮಾತೇ ಸಾಕು. ಹಿತ್ತಾಳೆಯದು ಕೇಸು. ಅದರ ತಳದಲ್ಲಿ ಕಿಡಿ ಕೊಡುವುದು ಕೇಪು. ಒಳಗೆ ಮದ್ದು, ತುದಿಯಲ್ಲಿ ಗುಂಡು. ನಾಲ್ಕೂ ಸೇರಿದರೆ ತೋಟಾ.

ಶುರು ಮಾಡುವ ಮೊದಲು ಕಾನೂನು

ಭಾರತದಲ್ಲಿ ಓದುತ್ತಿದ್ದರೆ ಓದಿ ಖುಷಿಪಡಿ, ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಷಿಕಾರಿಯ ಕಾಲ ಮುಗಿಯಿತು. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ ನಿಜ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೆ ಬೇರೆ ಒಂದು ಮಾತು. ಎಚ್-1ಬಿ ಥರದ ವೀಸಾದಲ್ಲಿ ಇದ್ದರೆ ಫೆಡರಲ್ ಕಾನೂನಿನ ಪ್ರಕಾರ ಬಂದೂಕಷ್ಟೇ ಅಲ್ಲ, ತೋಟಾ ಕೂಡ ಇಟ್ಟುಕೊಳ್ಳುವ ಹಾಗಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ಅಡ್ಡಿ ಇಲ್ಲ. ತಪ್ಪಿದರೆ ಜೈಲು, ಜೊತೆಗೆ ಗಡೀಪಾರು. ಅನುಮಾನ ಇದ್ದರೆ ಬಂದೂಕಿನಂಗಡಿಯವನನ್ನು ಕೇಳಬೇಡಿ, ವಕೀಲರನ್ನು ಕೇಳಿ.

ಊರಿಗೆ ಹೋಗುವಾಗಲೂ ಎಚ್ಚರ. ಬೇಟೆಗೆ ಒಯ್ದ ಬ್ಯಾಗನ್ನು ಬೆಂಗಳೂರಿನ ವಿಮಾನಕ್ಕೆ ಒಯ್ಯಲೇಬೇಡಿ. ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಸಾಕು, ರಜೆಯೆಲ್ಲ ಪೊಲೀಸ್ ಠಾಣೆ, ಕೋರ್ಟು ಅಂತ ಕಳೆದುಹೋಗುತ್ತದೆ. ನಮ್ಮ ಮನೆಯಲ್ಲಿ ಬೇಟೆಯ ಬ್ಯಾಗಿಗೆ ಕೆಂಪು ದಾರ ಕಟ್ಟಿಟ್ಟಿದ್ದೇನೆ.

ಮೊದಲ ಹೆಜ್ಜೆ: ಪ್ರಾಣಿ ಯಾವುದು, ದೂರ ಎಷ್ಟು

ಗಂಡು ಎಲ್ಕ್ ಸುಮಾರು 320 ಕಿಲೋ ತೂಗುತ್ತದೆ, ಹೆಣ್ಣು 225ರ ಆಸುಪಾಸು. ನಮ್ಮ ಕಡವೆಯ ಅಣ್ಣ ಅಂದುಕೊಳ್ಳಿ. ಹೆಗಲ ಮೂಳೆ ದಪ್ಪ, ಎದೆ ಅಗಲ. ಒಳ್ಳೆಯ ಕೋನದಲ್ಲಿ ಅಡ್ಡ ನಿಂತರೆ ಯಾವ ಗುಂಡಾದರೂ ಪುಪ್ಪುಸ ತಲುಪುತ್ತದೆ. ಆದರೆ ಅದು ನಿಮಗೆ ಬೇಕಾದ ಹಾಗೆ ನಿಲ್ಲುವುದಿಲ್ಲ. ಓರೆಯಾಗಿ ನಿಂತಾಗ ಗುಂಡು ಹೆಗಲು ಸೀಳಿ, ಹುಲ್ಲು ತುಂಬಿದ ಹೊಟ್ಟೆಯ ಪಕ್ಕದಿಂದ ಹಾದು ಒಳಗೆ ಹೋಗಬೇಕು. ಭಾರದ ಗುಂಡು ಬೇಕಾಗುವುದು ಅಲ್ಲಿ.

ಕೊಲರಾಡೊದ ನಿಯಮ ಕೇಳಿದರೆ ಇಷ್ಟೇನಾ ಅನಿಸುತ್ತದೆ. ಎಲ್ಕಿಗೆ ಕನಿಷ್ಠ .24 ಕ್ಯಾಲಿಬರ್ (ನಳಿಗೆಯ ವ್ಯಾಸ, ಇಂಚಿನಲ್ಲಿ), 85 ಗ್ರೇನಿನ, ಮೈಗೆ ತಾಗಿದಾಗ ಹಿಗ್ಗುವ ಗುಂಡು, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ. ಅದಕ್ಕಿಂತ ಕಡಿಮೆಯಾದರೆ ದಂಡ ಬೀಳುತ್ತದೆ ಅನ್ನುವ ಗೆರೆ ಅದು. ಒಳ್ಳೆಯ ಆಯ್ಕೆ ಯಾವುದು ಅಂತ ಹೇಳುವ ಗೆರೆ ಅಲ್ಲ.

ಈಗ ಒಂದು ಚೀಟಿ ತೆಗೆದುಕೊಂಡು ಎರಡು ಅಂಕಿ ಬರೆಯಿರಿ. ನೀವು ಹೊಡೆಯಬಹುದಾದ ಅತಿ ಹತ್ತಿರದ ದೂರ, ಅತಿ ದೂರದ ದೂರ. ನನ್ನ ಚೀಟಿಯಲ್ಲಿ 30 ಗಜ, 300 ಗಜ ಅಂತ ಇದೆ. ದೊಡ್ಡ ಅಂಕಿ ಎಲ್ಲರೂ ಬರೆಯುತ್ತಾರೆ, ಸಣ್ಣದನ್ನು ಮರೆಯುತ್ತಾರೆ. ಗುಂಡು ಕೈಕೊಡುವುದು ದೂರದಲ್ಲಿ ಮಾತ್ರ ಅಲ್ಲ. 30 ಗಜದಲ್ಲಿ ಅದು ಇನ್ನೂ ಪೂರ್ತಿ ವೇಗದಲ್ಲಿರುತ್ತದೆ, ಮೂಳೆಗೆ ಬಡಿದು ಪುಡಿಯಾಗುವ ಅಪಾಯ ಅಲ್ಲೇ ಜಾಸ್ತಿ.

ಎರಡನೆಯ ಹೆಜ್ಜೆ: ಎಷ್ಟು ಭಾರ

ಗ್ರೇನ್ ಅಂದರೆ 0.065 ಗ್ರಾಂ. ಅಕ್ಕಸಾಲಿಗರ ಗುಲಗಂಜಿ ಗೊತ್ತಲ್ವಾ? ಅದರ ಅರ್ಧಕ್ಕಿಂತ ಒಂದು ಚೂರು ಜಾಸ್ತಿ. .30-06ಕ್ಕೆ ದೊಡ್ಡ ಬೇಟೆಯ ಗುಂಡು ಅಂದರೆ ಮುಖ್ಯವಾಗಿ ಮೂರು ತೂಕ: 180, 200, 220 ಗ್ರೇನ್. ಅಂದರೆ ಸುಮಾರು 11.7, 13 ಮತ್ತು 14.3 ಗ್ರಾಂ.

ಈ ರೈಫಲ್ಲಿನ ಹುಟ್ಟಿನಲ್ಲೇ ಭಾರದ ಗುಂಡು ಇದೆ. ಇದರ ಅಣ್ಣ, 1903ರ .30-03, 220 ಗ್ರೇನಿನ ಮೊಂಡು ಗುಂಡಿಗಾಗಿ ಹುಟ್ಟಿದ್ದು. 1906ರಲ್ಲಿ ಅಮೆರಿಕದ ಸೇನೆ 150 ಗ್ರೇನಿನ ಚೂಪು ಗುಂಡಿಗೆ ಬದಲಾಯಿಸಿತು, ಕೇಸಿನ ಕುತ್ತಿಗೆಯನ್ನೂ ಸ್ವಲ್ಪ ಗಿಡ್ಡ ಮಾಡಿತು. ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿ ಗೆರೆಗಳ ತಿರುವು ಮಾತ್ರ 10 ಇಂಚಿಗೆ ಒಂದು ಸುತ್ತು ಅಂತಲೇ ಉಳಿಯಿತು. ಹಾಗಾಗಿ ಇವತ್ತು ಅಂಗಡಿಯಿಂದ ತಂದ .30-06 ಕೂಡ ಸೀಸದ 220ನ್ನು ತಲೆಕೆಳಗಾಗದಂತೆ ತಿರುಗಿಸಿ ಕಳಿಸುತ್ತದೆ.

ಭಾರ ಹೆಚ್ಚಿದರೆ ಶಕ್ತಿ ಹೆಚ್ಚುತ್ತದೆ ಅಂತ ಅನೇಕರು ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿ. 180 ಗ್ರೇನಿನ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2700 ಅಡಿ ಹೋಗುತ್ತದೆ. 200ರದ್ದು 2550, 220ರದ್ದು 2400. ಶಕ್ತಿ ಕ್ರಮವಾಗಿ ಸುಮಾರು 3950, 3915, 3815 ಜೌಲ್. ಹೆಚ್ಚುಕಡಿಮೆ ಒಂದೇ, ಭಾರದ್ದೇ ಒಂದು ಕೈ ಹಿಂದೆ! ಕೇಸು ಅದೇ, ಒತ್ತಡದ ಮಿತಿ ಅದೇ. ಶಕ್ತಿ ಎಲ್ಲಿಂದ ಹೆಚ್ಚು ಬರಬೇಕು?

ಹಾಗಾದರೆ ಭಾರದಿಂದ ಲಾಭವೇನು? ಅದೇ ದಪ್ಪದ ಮೊಳೆ ಉದ್ದವಾದ ಹಾಗೆ. ಮುಂದಿನ ಅಗಲ ಒಂದೇ, ಹಿಂದೆ ತಳ್ಳುವ ತೂಕ ಜಾಸ್ತಿ. ಇದಕ್ಕೊಂದು ಅಂಕಿ ಇದೆ, ಸೆಕ್ಷನಲ್ ಡೆನ್ಸಿಟಿ ಅನ್ನುತ್ತಾರೆ. ಗುಂಡಿನ ತೂಕವನ್ನು ಪೌಂಡಿನಲ್ಲಿ ಹಾಕಿ, ಇಂಚಿನಲ್ಲಿರುವ ವ್ಯಾಸದ ವರ್ಗದಿಂದ ಭಾಗಿಸಿದರೆ ಸಿಗುತ್ತದೆ. 180ಕ್ಕೆ 0.271, 200ಕ್ಕೆ 0.301, 220ಕ್ಕೆ 0.331. ಗುಂಡಿನ ಕಟ್ಟೋಣ ಒಂದೇ ಆಗಿದ್ದರೆ ಅಂಕಿ ಹೆಚ್ಚಾದಷ್ಟೂ ಆಳ ಹೆಚ್ಚು. ಆಫ್ರಿಕಾದಲ್ಲಿ ಕರಮೋಜೊ ಬೆಲ್ ಅನ್ನುವ ಬೇಟೆಗಾರ 7 ಮಿಲಿಮೀಟರಿನ ಸಣ್ಣ ರೈಫಲ್ಲಿನಲ್ಲಿ 173 ಗ್ರೇನಿನ ಉದ್ದನೆಯ ಗಟ್ಟಿ ಗುಂಡು ಹಾಕಿ ನೂರಾರು ಆನೆ ಹೊಡೆದದ್ದು ಈ ಅಂಕಿಯ ಬಲದ ಮೇಲೆ. (ನೀವು ಹಾಗೆ ಮಾಡಬೇಡಿ. ಅವನು ಆನೆಯ ತಲೆಬುರುಡೆ ಕುಯ್ದು, ಮಿದುಳು ಎಲ್ಲಿದೆ ಅಂತ ನೋಡಿ ಕಲಿತವನು.)

ಭಾರಕ್ಕೆ ಬೆಲೆಯೂ ಇದೆ. ಮೊಂಡು ಮೂತಿಯ 220 ನಳಿಗೆಯಲ್ಲಿ 2400 ಇದ್ದದ್ದು 200 ಗಜಕ್ಕೆ ಬರುವಾಗ 1900ಕ್ಕಿಂತ ಕೆಳಗೆ ಇಳಿದಿರುತ್ತದೆ. ಸಾಮಾನ್ಯ ಬೇಟೆ ಗುಂಡಿನ ಮೂತಿ ಅರಳುವುದಕ್ಕೆ ಸುಮಾರು 1800 ಅಡಿ ವೇಗ ಬೇಕು. ಅಂದರೆ ಅದು ಪೊದೆಕಾಡಿನ ಗುಂಡು. ಅಲಾಸ್ಕಾದ ದಟ್ಟ ಪೊದೆಯಲ್ಲಿ ಮೂಸ್ (ಎಲ್ಕಿಗಿಂತ ದೊಡ್ಡ ಜಿಂಕೆ) ಅಥವಾ ಕರಡಿ ಎದುರಾಗುವವರಿಗೆ ಸರಿ. ಚೂಪು ಮೂತಿಯ 200 ಹಾಗಲ್ಲ, 300 ಗಜದಲ್ಲೂ 2000ದ ಆಸುಪಾಸು ಉಳಿಸಿಕೊಂಡಿರುತ್ತದೆ. ನನ್ನ 30-300 ಗಜದ ಚೀಟಿಗೆ ಅದೇ ಒಪ್ಪಿತು. ಹೊಡೆದಾಗ ಹೆಗಲಿಗೆ ಬೀಳುವ ಒದೆತ ತಡೆಯುವುದಿಲ್ಲ ಅನ್ನುವವರು 180ಕ್ಕೆ ನಿಲ್ಲಲಿ, ನಾಚಿಕೆ ಏನಿಲ್ಲ. ಭಾರದ ಗುಂಡಿಗೆ ಹೆದರಿ ಕಣ್ಣು ಮುಚ್ಚಿ ಹೊಡೆಯುವುದಕ್ಕಿಂತ ಅದು ಎಷ್ಟೋ ವಾಸಿ.

ಮೂರನೆಯ ಹೆಜ್ಜೆ: ಗುಂಡಿನ ಒಳಗೇನಿದೆ

ತೂಕಕ್ಕಿಂತ ದೊಡ್ಡ ಪ್ರಶ್ನೆ ಇದು. 1946ರಲ್ಲಿ ಜಾನ್ ನೋಸ್ಲರ್ ಅನ್ನುವ ಅಮೆರಿಕದ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂದು ಮೂಸ್‌ಗೆ ಗುಂಡು ಹೊಡೆದರು. ಕೈಯಲ್ಲಿದ್ದದ್ದು .300 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್, ಆ ಕಾಲಕ್ಕೆ ಭಾರಿ ವೇಗದ್ದು. ಮೂಸ್ ಮೈತುಂಬ ಕೆಸರು ಒಣಗಿ ಅಂಟಿತ್ತು. ವೇಗ ಜಾಸ್ತಿ, ಗುಂಡಿನ ಕವಚ ಮೆತ್ತಗೆ. ಗುಂಡುಗಳು ಒಳಗೆ ಇಳಿಯದೆ ಮೇಲೆಯೇ ಒಡೆದು ಚೂರಾದವು. ಮನೆಗೆ ಬಂದು ಅವರು ಮಾಡಿದ ಗುಂಡಿನಲ್ಲಿ ನಡುವೆ ತಾಮ್ರದ ಒಂದು ಅಡ್ಡಗೋಡೆ. ಗೋಡೆಯ ಮುಂದಿನ ಸೀಸ ಅರಳುತ್ತದೆ. ಹಿಂದಿನ ಸೀಸ ಹಾಗೇ ಉಳಿದು ಮುಂದಕ್ಕೆ ತಳ್ಳುತ್ತದೆ. ಅದೇ ಪಾರ್ಟಿಷನ್. 1948ರಿಂದ ಮಾರಾಟದಲ್ಲಿದೆ, ಇವತ್ತೂ ಸಿಗುತ್ತದೆ.

ಈಗ ಅಂಗಡಿಯಲ್ಲಿ ಕಾಣುವ ಗುಂಡುಗಳನ್ನು ನಾಲ್ಕು ಜಾತಿ ಅಂತ ನೋಡಬಹುದು. ತಾಮ್ರದ ಕವಚದೊಳಗೆ ಸುಮ್ನೆ ಸೀಸ ತುಂಬಿದ್ದು ಮೊದಲನೆಯದು. ಅಗ್ಗ, ಅಭ್ಯಾಸಕ್ಕೆ ಚೆನ್ನ, ಜಿಂಕೆಗೆ ಸಾಕು. ಎರಡನೆಯದು ಪಾರ್ಟಿಷನ್ ಥರದ್ದು. ಮೂರನೆಯದು ಸೀಸವನ್ನು ಕವಚಕ್ಕೆ ಬೆಸೆದದ್ದು, ನೋಸ್ಲರ್ ಅಕ್ಯುಬಾಂಡ್ ಹಾಗೆ. ಸ್ವಿಫ್ಟ್ ಎ-ಫ್ರೇಮಿನಲ್ಲಿ ಗೋಡೆಯೂ ಇದೆ, ಬೆಸುಗೆಯೂ ಇದೆ. ನಾಲ್ಕನೆಯದು ಸೀಸವೇ ಇಲ್ಲದ ಪೂರ್ತಿ ತಾಮ್ರದ್ದು. ಬಾರ್ನ್ಸ್ ಟಿಎಸ್‌ಎಕ್ಸ್ ಅದರಲ್ಲಿ ಹೆಸರುವಾಸಿ.

ತಾಮ್ರದ ಗುಂಡಿನ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿದ್ದರೆ ನಿಮಗೆ ಬೇರೆ ಆಯ್ಕೆಯೇ ಇಲ್ಲ, 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ನಿಷಿದ್ಧ. ಬೇಟೆಯ ಅವಶೇಷ ತಿಂದ ಕಾಂಡರ್ ರಣಹದ್ದುಗಳು ಸೀಸದ ವಿಷಕ್ಕೆ ಸಾಯುತ್ತಿದ್ದವು. ಮನೆಯಲ್ಲಿ ಸಣ್ಣ ಮಕ್ಕಳು ಆ ಮಾಂಸ ತಿನ್ನುವವರಿದ್ದರೆ, ಯಾವ ರಾಜ್ಯವಾದರೂ ಇದನ್ನು ಯೋಚಿಸಿ. ಒಡೆದ ಸೀಸದ ಕಣ ಗಾಯದಿಂದ ದೂರದ ಮಾಂಸದಲ್ಲೂ ಸಿಗುತ್ತದೆ.

ಇನ್ನೊಂದು, ತಾಮ್ರ ಸೀಸಕ್ಕಿಂತ ಹಗುರ. ಅದೇ 180 ಗ್ರೇನಿನ ತಾಮ್ರದ ಗುಂಡು ಸೀಸದ್ದಕ್ಕಿಂತ ಉದ್ದ ಇರುತ್ತದೆ. ಕೇಸಿನೊಳಗೆ ಹೆಚ್ಚು ಜಾಗ ತಿನ್ನುತ್ತದೆ, ಒತ್ತಡ ಬೇಗ ಏರುತ್ತದೆ. ಆದ್ದರಿಂದ ಸೀಸದ 180ರ ಲೆಕ್ಕವನ್ನು ತಾಮ್ರದ 180ಕ್ಕೆ ಹಾಕಲೇಬೇಡಿ. ಅದು ತೂಕ ಕಳೆದುಕೊಳ್ಳುವುದು ತೀರಾ ಕಡಿಮೆ, ಹಾಗಾಗಿ ಅಷ್ಟು ಭಾರವೂ ಬೇಕಾಗಿಲ್ಲ. ಸೀಸದಲ್ಲಿ 200 ಬಳಸುವವರು ತಾಮ್ರದಲ್ಲಿ 165, 168 ಅಥವಾ 180ಕ್ಕೆ ಇಳಿದರೂ ನಷ್ಟ ಇಲ್ಲ. ಭಾರದ ಗುಂಡು ಬೇಕು ಅಂತ ಹಟ ಹಿಡಿದು ಉದ್ದನೆಯ ತಾಮ್ರದ ಗುಂಡು ತಂದು, ಆಮೇಲೆ ನಳಿಗೆಯ ತಿರುವು ಸಾಲದೆ ಕಾಗದದ ಮೇಲೆ ಅಡ್ಡಡ್ಡ ತೂತು ಬಿದ್ದದ್ದನ್ನು ನಾನೇ ನೋಡಿದ್ದೇನೆ. ಡಬ್ಬಿಯ ಮೇಲೆ ಎಷ್ಟು ತಿರುವು ಬೇಕು ಅಂತ ಬರೆದಿರುತ್ತದೆ, ಓದಿ.

ನಾಲ್ಕನೆಯ ಹೆಜ್ಜೆ: ಮದ್ದು

ಮಲೆನಾಡಿನ ಬಚ್ಚಲು ಹಂಡೆಯ ಒಲೆ ನೆನಪಿದೆಯಾ? ತೆಂಗಿನ ಗರಿ ಇಟ್ಟರೆ ಭುಗ್ ಅಂತ ಹತ್ತಿ ಎರಡು ನಿಮಿಷದಲ್ಲಿ ಬೂದಿ. ಹಂಡೆ ಬಿಸಿಯಾಗುವುದಿಲ್ಲ. ಹುಣಸೆ ಕೊರಡು ಇಟ್ಟರೆ ನಿಧಾನ ಹತ್ತಿ ಕೊನೇತನಕ ಉರಿಯುತ್ತದೆ. ರೈಫಲ್ ಮದ್ದಿನಲ್ಲೂ ಗರಿ ಇದೆ, ಕೊರಡೂ ಇದೆ. ಕಾಳಿನ ಗಾತ್ರ, ಆಕಾರ, ಮೇಲೆ ಬಳಿದ ಲೇಪ, ಇವುಗಳಿಂದ ಉರಿಯುವ ವೇಗ ಬದಲಾಗುತ್ತದೆ.

ಹಗುರದ ಗುಂಡು ಒತ್ತಡ ಬಂದ ಕೂಡಲೇ ಓಡುತ್ತದೆ. ಹಿಂದೆ ಜಾಗ ಬೇಗ ಬೇಗ ದೊಡ್ಡದಾಗುತ್ತದೆ, ಅನಿಲಕ್ಕೆ ಹರಡಲು ಎಡೆ ಸಿಗುತ್ತದೆ. ಭಾರದ ಗುಂಡು ಎತ್ತಿನ ಗಾಡಿಯ ಹಾಗೆ ನಿಧಾನ ಕದಲುತ್ತದೆ. ಅದರ ಹಿಂದೆ ಬೇಗ ಉರಿಯುವ ಮದ್ದು ಇಟ್ಟರೆ ಅನಿಲವೆಲ್ಲ ಸಣ್ಣ ಜಾಗದಲ್ಲಿ ಸೇರಿ ಒತ್ತಡ ಶಿಖರಕ್ಕೆ ಹೋಗುತ್ತದೆ. ಆ ಶಿಖರಕ್ಕೆ ಹೆದರಿ ಮದ್ದು ಕಡಿಮೆ ಹಾಕಬೇಕು, ವೇಗ ಬರುವುದಿಲ್ಲ. ನಿಧಾನದ ಮದ್ದು ಗುಂಡು ನಳಿಗೆಯಲ್ಲಿ ಓಡುವಷ್ಟು ಹೊತ್ತೂ ತಳ್ಳುತ್ತಿರುತ್ತದೆ. ಅದೇ ಒತ್ತಡದ ಮಿತಿಯಲ್ಲಿ ಹೆಚ್ಚು ವೇಗ.

.30-06ಕ್ಕೆ ವರ್ಗೆಟ್, ಐಎಂಆರ್ 4064 ಅನ್ನುವ ಮದ್ದುಗಳು 150ರ ಹಗುರ ಗುಂಡಿಗೆ ಹೇಳಿ ಮಾಡಿಸಿದವು. 180ಕ್ಕೆ ಬಂದಾಗ ಹೆಸರಿನಲ್ಲಿ 4350 ಇರುವ ಮದ್ದುಗಳ ಗುಂಪು. 200, 220ಕ್ಕೆ 4350 ಜೊತೆಗೆ 4831ರ ಗುಂಪು, ಅಲಯಂಟ್ ಕಂಪನಿಯ ರಿಲೋಡರ್ 19 ಮತ್ತು 22. ಅದಕ್ಕಿಂತ ನಿಧಾನ ಬೇಡ. ಎಚ್1000, ರೆಟಂಬೋ ಇವೆಲ್ಲ ಹೆಚ್ಚು ಮದ್ದು ಹಿಡಿಸುವ ದೊಡ್ಡ ಮ್ಯಾಗ್ನಮ್‌ಗಳಿಗೆ. .30-06ರ ಕೇಸು ಕಂಠದವರೆಗೆ ತುಂಬಿದರೂ ಅವು ಬೇಕಾದ ಒತ್ತಡ ಮುಟ್ಟುವುದಿಲ್ಲ.

ನಿಧಾನದ ಮದ್ದಿನಲ್ಲಿ ನನಗೆ ಇಷ್ಟವಾದ ಗುಣ ಒಂದಿದೆ. ಅದು ಕೇಸನ್ನು ಹೆಚ್ಚುಕಡಿಮೆ ತುಂಬುತ್ತದೆ. ಮರೆತು ಎರಡು ಸಲ ಸುರಿದರೆ ಉಕ್ಕಿ ಬೆಂಚಿನ ಮೇಲೆ ಚೆಲ್ಲುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. ಆದರೆ ಒದೆತ ಕಡಿಮೆಯಾಗಲಿ ಅಂತ ಈ ಮದ್ದನ್ನು ಕೈಪಿಡಿಯ ಆರಂಭದ ತೂಕಕ್ಕಿಂತ ಕೆಳಗೆ ಇಳಿಸಬೇಡಿ. ಅರ್ಧ ಖಾಲಿ ಕೇಸಿನಲ್ಲಿ ನಿಧಾನದ ಮದ್ದು ಸರಿಯಾಗಿ ಹತ್ತದೆ ಆಮೇಲೆ ಒಮ್ಮೆಲೇ ಒತ್ತಡ ಏರಿಸಬಲ್ಲದು. ಕಡಿಮೆ ಹಾಕಿದರೆ ಕ್ಷೇಮ ಅನ್ನುವ ಮಾತು ಇಲ್ಲಿ ಸುಳ್ಳು. ಮೆತ್ತನೆಯ ತೋಟಾ ಬೇಕಿದ್ದರೆ ಅದಕ್ಕೆ ಎಚ್4895 ಇದೆ. ಹಾಡ್ಗ್‌ಡನ್ ಕಂಪನಿಯೇ ಅದನ್ನು ಗರಿಷ್ಠದ 60 ಪರ್ಸೆಂಟಿನವರೆಗೆ ಇಳಿಸಲು ಒಪ್ಪುತ್ತದೆ.

ಇನ್ನು ಹೆಸರಿನ ಗೊಂದಲ. ಐಎಂಆರ್ 4831 ಮತ್ತು ಎಚ್4831 ಬೇರೆ ಬೇರೆ. ಎರಡನೆಯದು ಇನ್ನೂ ನಿಧಾನ. ಎರಡನೆಯ ಮಹಾಯುದ್ಧದ ನಂತರ ಬ್ರೂಸ್ ಹಾಡ್ಗ್‌ಡನ್ ಸೇನೆಯ ಉಳಿಕೆ ಮದ್ದು ಕೊಂಡು ಮಾರಿದರು, ಎಚ್4831 ಹುಟ್ಟಿದ್ದು ಹಾಗೆ. ಎಚ್4831ರ ತೂಕವನ್ನು ಐಎಂಆರ್ 4831ಕ್ಕೆ ಹಾಕಿದರೆ ಒತ್ತಡ ಮಿತಿ ದಾಟುತ್ತದೆ. 4350ಕ್ಕೂ ಹೀಗೇ ಅಣ್ಣತಮ್ಮಂದಿರಿದ್ದಾರೆ. ನಮ್ಮೂರಿನಲ್ಲಿ ಒಂದೇ ಬೀದಿಯಲ್ಲಿ ಮೂರು ಮಂಜುನಾಥ ಇರುವುದಿಲ್ಲವೇ? ಅಡ್ಡಹೆಸರು ಕೇಳದೆ ಸಾಲ ಕೊಡಬಾರದು.

ಕೊನೆಗೆ ಚಳಿ. ಜುಲೈನಲ್ಲಿ ಗುರಿ ಅಭ್ಯಾಸದ ರೇಂಜಿನಲ್ಲಿ 35 ಡಿಗ್ರಿ, ನವೆಂಬರಿನಲ್ಲಿ ಬೆಟ್ಟದ ಮೇಲೆ ಸೊನ್ನೆಗಿಂತ 15 ಕೆಳಗೆ. ಕೆಲವು ಮದ್ದು ಬಿಸಿಲಿಗೆ ಹುಚ್ಚು ಹಿಡಿದು ಚಳಿಗೆ ಮಂಕಾಗುತ್ತದೆ. ರಿಲೋಡರ್ 22 ಒಳ್ಳೆಯ ವೇಗ ಕೊಡುತ್ತದೆ, ಆದರೆ ಈ ಗುಣ ಅದಕ್ಕಿದೆ. ಎಚ್4350, ಎಚ್4831 ಹೆಚ್ಚು ಸ್ಥಿರ. ನಾನು ಎಚ್4350ಕ್ಕೆ ಅಂಟಿಕೊಂಡೆ. ಸೆಕೆಂಡಿಗೆ 30-40 ಅಡಿ ಕಳೆದುಕೊಂಡಿರಬಹುದು. ಎಲ್ಕಿಗೆ ಅದು ಗೊತ್ತಾಗುವುದಿಲ್ಲ.

ಐದನೆಯ ಹೆಜ್ಜೆ: ಬೆಂಚು

ಬೆಂಚಿನ ಮೇಲೆ ಒಂದೇ ಮದ್ದಿನ ಡಬ್ಬಿ, ಒಂದೇ ಗುಂಡಿನ ಡಬ್ಬಿ. ಫೋನ್ ಬೇರೆ ಕೋಣೆಯಲ್ಲಿ. ಒಮ್ಮೆ ಊರಿಂದ ಫೋನ್ ಬಂತು ಅಂತ ಎದ್ದು ಹೋದೆ. ಮಾತು ಮುಗಿಯುವ ಹೊತ್ತಿಗೆ ರಾತ್ರಿಯಾಗಿತ್ತು, ಮಲಗಿದೆ. ಮಾರನೆಯ ದಿನ ನೋಡಿದರೆ ಅಳತೆಯ ಯಂತ್ರದಲ್ಲಿ ಮದ್ದು ಇದೆ, ಕಪಾಟಿನಲ್ಲಿ ಎರಡು ಡಬ್ಬಿ ಇವೆ. ಯಾವುದರದ್ದು? ಕಾಳು ನೋಡಿದರೆ ಎರಡೂ ಒಂದೇ ಥರದ ಕಪ್ಪು ಕಡ್ಡಿ. ಬಹುಶಃ ಇದೇ ಇರಬೇಕು ಅನ್ನುವ ಯೋಚನೆ ಬಂತು. ಆ 'ಬಹುಶಃ'ಕ್ಕೆ ಹೆದರಿ ಎಲ್ಲವನ್ನೂ ಹಿತ್ತಲ ಹುಲ್ಲಿಗೆ ತೆಳ್ಳಗೆ ಎರಚಿದೆ. ಸಾರಜನಕ ಇರುವುದರಿಂದ ಹುಲ್ಲು ಚೆನ್ನಾಗಿ ಬಂತು.

ಇನ್ನೊಂದು ನಿಯಮ ಹೇಳಲೇಬೇಕು. ಗುಂಡು ಹಾಕಿಕೊಂಡು ಗುಂಡು ಕಟ್ಟಬಾರದು. ಒಂದು ಬಿಯರ್ ಕೂಡ ಬೇಡ.

ಬೇಕಾದ ಸಾಮಾನು ಹೆಚ್ಚಿಲ್ಲ. ಗಟ್ಟಿಯಾದ ಪ್ರೆಸ್ (ಒತ್ತುವ ಯಂತ್ರ), ಕೇಸನ್ನು ಅಳತೆಗೆ ತರುವ ಮತ್ತು ಗುಂಡು ಕೂರಿಸುವ .30-06ರ ಡೈ ಜೋಡಿ, ತಕ್ಕಡಿ, ಉದ್ದ ಅಳೆಯುವ ಕ್ಯಾಲಿಪರ್, ಕೇಸು ಕತ್ತರಿಸುವ ಉಪಕರಣ, ಕಟ್ಟಿದ್ದನ್ನು ಬಿಚ್ಚುವ ಸುತ್ತಿಗೆ, ಕನ್ನಡಕ. ತಕ್ಕಡಿಯಲ್ಲಿ ಜಿಪುಣತನ ಮಾಡಬೇಡಿ. ಎಲೆಕ್ಟ್ರಾನಿಕ್ ತಕ್ಕಡಿ ಫ್ಯಾನಿನ ಗಾಳಿಗೂ ಅಲುಗುತ್ತದೆ. ಪ್ರತಿ ಸಲ ಪರೀಕ್ಷಾ ತೂಕ ಇಟ್ಟು ನೋಡಿ. ಕೈಗೆ ಸಿಗದಿದ್ದರೆ ಅಮೆರಿಕದ ಐದು ಸೆಂಟಿನ ಹೊಸ ನಾಣ್ಯ 5 ಗ್ರಾಂ, ಅಂದರೆ 77.2 ಗ್ರೇನ್. ಒರಟು ಲೆಕ್ಕಕ್ಕೆ ಅದು ಪರವಾಗಿಲ್ಲ.

ಕೇಸನ್ನು ಮೊದಲು ತೊಳೆದು ನೋಡಿ. ಕುತ್ತಿಗೆಯಲ್ಲಿ ಬಿರುಕು ಇದ್ದರೆ ಎಸೆಯಿರಿ. ತಳದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಂಡರೂ ಎಸೆಯಿರಿ, ಅಲ್ಲಿ ಹಿತ್ತಾಳೆ ಒಳಗಿನಿಂದ ಸವೆದಿದೆ. ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೆ ಎಳೆದರೆ ಹಳ್ಳ ಕೈಗೆ ಸಿಗುತ್ತದೆ. ಆಮೇಲೆ ಎಣ್ಣೆ ಸವರಿ ಡೈಗೆ ಹಾಕಿ. ಎಣ್ಣೆ ಕಡಿಮೆಯಾದರೆ ಕೇಸು ಡೈಯಲ್ಲಿ ಕಚ್ಚಿಕೊಂಡು ಕೂರುತ್ತದೆ, ಆ ಭಾನುವಾರ ಮುಗಿಯಿತು. ಕೇಸಿನ ಭುಜ (ಕುತ್ತಿಗೆಯ ಕೆಳಗಿನ ಇಳಿಜಾರು) ಒಂದು ಇಂಚಿನ ಸಾವಿರದಲ್ಲಿ ಎರಡು ಭಾಗದಷ್ಟು ಹಿಂದೆ ಸರಿದರೆ ಸಾಕು. ಜಾಸ್ತಿ ತಳ್ಳಿದರೆ ಆ ಹೊಳೆಯುವ ಉಂಗುರ ಬೇಗ ಬರುತ್ತದೆ. ಉದ್ದ 2.494 ಇಂಚು ಮೀರಬಾರದು. ಮೀರಿದರೆ 2.484ಕ್ಕೆ ಕತ್ತರಿಸಿ. ಒಳಗೆ ಸುಟ್ಟ ಕೇಪಿನ ಸೀಸದ ಪುಡಿ ಇರುತ್ತದೆ, ಕೈ ತೊಳೆಯದೆ ಚಕ್ಕುಲಿ ಡಬ್ಬಕ್ಕೆ ಕೈ ಹಾಕಬೇಡಿ.

ಕೇಪು ಕೈಪಿಡಿಯಲ್ಲಿ ಹೇಳಿದ್ದೇ ಇರಲಿ. ಸಾಮಾನ್ಯ ಲಾರ್ಜ್ ರೈಫಲ್ ಕೇಪಿನ ಜಾಗಕ್ಕೆ ಮ್ಯಾಗ್ನಮ್ ಕೇಪು ಹಾಕಿದರೆ ಒತ್ತಡ ಬದಲಾಗುತ್ತದೆ.

ಗುಂಡು ಕೂರಿಸುವ ಆಳವೂ ಮುಖ್ಯ. ತೋಟಾದ ಪೂರ್ತಿ ಉದ್ದ 3.340 ಇಂಚಿನೊಳಗೆ ಇದ್ದರೆ ರೈಫಲ್ಲಿನಲ್ಲಿ ತೋಟಾ ತುಂಬಿಡುವ ಮ್ಯಾಗಜಿನ್ನಿಗೆ ಹಿಡಿಸುತ್ತದೆ. ಗುಂಡು ನಳಿಗೆಯ ಗೆರೆಗೆ ತಾಗಿಕೊಂಡಿದ್ದರೆ ಒತ್ತಡ ಏರುತ್ತದೆ. ಬೇಟೆಯ ತೋಟಾದಲ್ಲಿ ಸ್ವಲ್ಪ ಅಂತರ ಇರಲೇಬೇಕು. ತಾಮ್ರದ ಗುಂಡಿಗೆ ಬಾರ್ನ್ಸ್ ಕಂಪನಿ ಇಂಚಿನ ನೂರರಲ್ಲಿ ಐದು ಭಾಗದಷ್ಟು ಅಂತರ ಹೇಳುತ್ತದೆ.

ಆರನೆಯ ಹೆಜ್ಜೆ: ಮೆಟ್ಟಿಲು ಹತ್ತುವುದು

ಈಗ ಕೈಪಿಡಿ ತೆರೆಯಿರಿ. ನಿಮ್ಮ ಗುಂಡು, ನಿಮ್ಮ ಮದ್ದು, ಅದೇ ಕೇಪು. ಎರಡು ಅಂಕಿ ಇರುತ್ತವೆ, ಆರಂಭ ಮತ್ತು ಗರಿಷ್ಠ. ಒಂದೇ ಅಂಕಿ ಇದ್ದರೆ ಅದನ್ನು ಗರಿಷ್ಠ ಅಂದುಕೊಂಡು 10 ಪರ್ಸೆಂಟ್ ಕಡಿಮೆಯಿಂದ ಶುರು ಮಾಡಿ. ಮದ್ದಿನ ಕಂಪನಿಯ ಅಂಕಿಯನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲಿ ಕಡಿಮೆ ಯಾವುದೋ ಅದು ನಿಮ್ಮದು.

ಆರಂಭದ ತೂಕದಲ್ಲಿ ಮೂರು ತೋಟಾ. ಆಮೇಲೆ ಅರ್ಧರ್ಧ ಗ್ರೇನ್ ಏರಿಸುತ್ತ ಮೂರು ಮೂರು. ಪ್ರತಿ ಮೂರಕ್ಕೂ ಚೀಟಿ ಅಂಟಿಸಿ. ರೇಂಜಿನಲ್ಲಿ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇಟ್ಟು ಕೆಳಗಿನಿಂದ ಮೇಲಕ್ಕೆ ಹೊಡೆಯಿರಿ. ಕ್ರೋನೋಗ್ರಾಫ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕೇಪು ಚಪ್ಪಟೆಯಾಗಿದೆ, ಬೋಲ್ಟ್ (ತೋಟಾದ ಹಿಂದೆ ಮುಚ್ಚುವ ಅಗುಳಿ) ಬಿಗಿಯಾಗಿದೆ, ಕೇಸಿನ ತಳದಲ್ಲಿ ಹೊಳೆಯುವ ಗುರುತು ಬಿದ್ದಿದೆ, ಇವೆಲ್ಲ ಒತ್ತಡ ಜಾಸ್ತಿಯಾದ ಲಕ್ಷಣ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಅವು ಕಾಣುವ ಹೊತ್ತಿಗೆ ಮಿತಿ ಆಗಲೇ ದಾಟಿರುತ್ತದೆ. ಜ್ವರ ನೆತ್ತಿಗೇರಿದ ಮೇಲೆ ಹಣೆ ಮುಟ್ಟಿ ನೋಡಿದ ಹಾಗೆ. ವೇಗ ಮೊದಲೇ ಹೇಳುತ್ತದೆ. ಕೈಪಿಡಿಯ ಗರಿಷ್ಠ ವೇಗ ನಿಮ್ಮ ಕಡಿಮೆ ಮದ್ದಿನಲ್ಲೇ ಬಂತು ಅಂದರೆ ಖುಷಿಪಡಬೇಡಿ. ವೇಗ ಪುಕ್ಕಟೆ ಬರುವುದಿಲ್ಲ, ಒತ್ತಡವೂ ಅಲ್ಲಿಗೆ ಮುಟ್ಟಿದೆ ಅಂತಲೇ ಅರ್ಥ. ಅಲ್ಲೇ ನಿಲ್ಲಿಸಿ, ಉಳಿದ ತೋಟಾಗಳನ್ನು ಮನೆಗೆ ತಂದು ಬಿಚ್ಚಿ.

ಬೋಲ್ಟ್ ಒಮ್ಮೆ ಬಿಗಿಯಾಯಿತು ಅಂದರೂ ಅಷ್ಟೇ. ಇನ್ನೊಂದು ನೋಡೋಣ ಅನ್ನಬಾರದು.

ಮೂರು ಗುಂಡಿನ ಗುಂಪು ಚಿಕ್ಕದಾಗಿ ಬಿತ್ತು ಅಂತ ಅದೇ ಒಳ್ಳೆಯದು ಅನ್ನುವ ಹಾಗಿಲ್ಲ, ಅದೃಷ್ಟವೂ ಇರುತ್ತದೆ. ಗರಿಷ್ಠಕ್ಕಿಂತ ಸ್ವಲ್ಪ ಕೆಳಗೆ, ವೇಗ ಸಮವಾಗಿರುವ ತೂಕ ಆರಿಸಿ. ಅದರಲ್ಲಿ ಹತ್ತು ಕಟ್ಟಿ, ಬೇರೆ ಬೇರೆ ದಿನ ಐದೈದು ಹೊಡೆಯಿರಿ. 100 ಗಜದಲ್ಲಿ ಒಂದೂವರೆ ಇಂಚಿನೊಳಗೆ ಬಿದ್ದರೆ ಎಲ್ಕಿಗೆ ಧಾರಾಳ. 300 ಗಜಕ್ಕೆ ಅದು ನಾಲ್ಕೂವರೆ ಇಂಚು. ಎಲ್ಕಿನ ಪುಪ್ಪುಸದ ಜಾಗ ಒಂದು ಅಡಿ ಅಗಲ. ಅರ್ಧ ಇಂಚಿನ ಗುಂಪಿಗಾಗಿ ವರ್ಷವಿಡೀ ಬೆಂಚಿನ ಮುಂದೆ ಕೂತವರನ್ನು ಬಲ್ಲೆ. ಮಂಡಿಯೂರಿ ಹೊಡೆಯುವ ಅಭ್ಯಾಸ ಮಾತ್ರ ಅವರಿಗೆ ಇಲ್ಲ.

ಏಳನೆಯ ಹೆಜ್ಜೆ: ಬೆಟ್ಟಕ್ಕೆ ಹೊರಡುವ ಮೊದಲು

ಆರಿಸಿದ ತೂಕದಲ್ಲಿ ನಲವತ್ತು ತೋಟಾ ಕಟ್ಟಿ. ಡಬ್ಬಿಯ ಮೇಲೆ ತಾರೀಖು, ಗುಂಡು, ಮದ್ದು, ತೂಕ, ಕೇಪು, ಉದ್ದ ಎಲ್ಲ ಬರೆಯಿರಿ. ಬೇಟೆಗೆ ಒಯ್ಯುವ ಪ್ರತಿ ತೋಟಾವನ್ನೂ ರೇಂಜಿನಲ್ಲಿ, ನಳಿಗೆ ಗುರಿಯ ದಿಬ್ಬದ ಕಡೆ ಇಟ್ಟು, ಒಮ್ಮೆ ಛೇಂಬರಿಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಹಾಕಿ ತೆಗೆಯಿರಿ. ಕುದುರೆ (ಟ್ರಿಗರ್) ಮುಟ್ಟಬೇಡಿ. ಎಲ್ಕ್ ಎದುರಿಗೆ ನಿಂತಾಗ ಬೋಲ್ಟ್ ಮುಚ್ಚದೆ ಹೋದರೆ ಆಗುವ ಸಂಕಟ ಯಾರಿಗೂ ಬೇಡ.

ಭಾರದ ಗುಂಡಿನ ಒದೆತಕ್ಕೆ ಮ್ಯಾಗಜಿನ್ನಿನಲ್ಲಿರುವ ತೋಟಾಗಳು ಮುಂದಿನ ಗೋಡೆಗೆ ಬಡಿಯುತ್ತವೆ. ಮೂರು ಹೊಡೆದ ಮೇಲೆ ಉಳಿದ ಒಂದನ್ನು ತೆಗೆದು ಉದ್ದ ಅಳೆಯಿರಿ. ಗುಂಡು ಒಳಗೆ ಸರಿದಿದ್ದರೆ ಕೇಸಿನ ಕುತ್ತಿಗೆಯ ಹಿಡಿತ ಸಾಲದು.

ಚಳಿಯ ಪರೀಕ್ಷೆಗೆ ಐದು ತೋಟಾವನ್ನು ಐಸ್ ತುಂಬಿದ ಪೆಟ್ಟಿಗೆಯಲ್ಲಿ ಇಟ್ಟು ರೇಂಜಿಗೆ ಒಯ್ಯಿರಿ. ಒಂದೊಂದೇ ತೆಗೆದು, ಒರೆಸಿ, ತಕ್ಷಣ ಹೊಡೆದು ವೇಗ ನೋಡಿ. ಬೇಸಿಗೆಯಲ್ಲಿ ಕಾರಿನ ಗಾಜಿನ ಹಿಂದೆ ತೋಟಾ ಬಿಡಬೇಡಿ. ವಿಮಾನದಲ್ಲಿ ಹೋಗುವುದಾದರೆ ಕಟ್ಟಿದ ತೋಟಾ ಚೆಕ್-ಇನ್ ಲಗೇಜಿನಲ್ಲಿ, ವಿಮಾನ ಕಂಪನಿಯ ಮಿತಿಯೊಳಗೆ. ಬಿಡಿ ಮದ್ದು ಮತ್ತು ಬಿಡಿ ಕೇಪನ್ನು ಯಾವ ಬ್ಯಾಗಿನಲ್ಲೂ ಬಿಡುವುದಿಲ್ಲ. ಬೆಟ್ಟ ಸೇರಿದ ಮೇಲೆ, ಬೇಟೆಗೆ ಮುನ್ನ ಎರಡು ಗುಂಡು ಕಾಗದಕ್ಕೆ ಹೊಡೆಯಿರಿ. ದಾರಿಯಲ್ಲಿ ರೈಫಲ್ ಮೇಲಿನ ದುರ್ಬೀನು ಅಲುಗಿರಬಹುದು.

ಎಲ್ಕ್ ಸಿಕ್ಕಿದರೆ, ಮಾಂಸ ಕುಯ್ಯುವಾಗ ಆಚೆ ಬದಿಯ ಚರ್ಮದಡಿ ಬೆರಳಾಡಿಸಿ ನೋಡಿ. ಹೋದ ವರ್ಷದ ಹಿಂದಿನ ವರ್ಷ ನನಗೆ ಅಲ್ಲಿ ಒಂದು ಗುಂಡು ಸಿಕ್ಕಿತು, ಅಣಬೆಯ ಹಾಗೆ ಅರಳಿದ 200 ಗ್ರೇನಿನ ಪಾರ್ಟಿಷನ್. ತೊಳೆದು ತಕ್ಕಡಿಗೆ ಇಟ್ಟೆ, 131 ಗ್ರೇನ್ ತೂಗಿತು. ಗೋಡೆಯ ಹಿಂದಿನ ಸೀಸ ಹಾಗೇ ಇತ್ತು. ದೂರ 140 ಗಜ, ಹೆಗಲ ಮೂಳೆ ಮುರಿದಿತ್ತು. ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಆ ತೋಟಾದ ಸಾಲಿನ ಎದುರಿಗೆ ಬರೆದಿದ್ದೇನೆ. ಗುಂಡು ನನ್ನ ಮೇಜಿನ ಮೇಲಿದೆ, ಪೇಪರ್ ಹಾರದಂತೆ ಇಡಲು.